ಆರನೇ ಕ್ಲಾಸ್ ಮಕ್ಕಳಿಗೆ ಅಯಸ್ಕಾಂತದ ಪಾಠ: ಅಂಟಿದ್ದೆಲ್ಲಾ ಅಯಸ್ಕಾಂತ ಅಲ್ಲ ಅಂತ ಹೇಗೆ ತೋರ್ಸೋದು?

ಮಲೆನಾಡ_ಟೀಚರ್:
ಎಲ್ರಿಗೂ ನಮಸ್ಕಾರ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ವಿಜ್ಞಾನ ತಗೋತೀನಿ, ಮುಂದಿನ ವಾರದಿಂದ ಆರನೇ ಕ್ಲಾಸಿಗೆ ಅಯಸ್ಕಾಂತದ ಪಾಠ ಶುರು. ನಮ್ಮ ಕಿಟ್‌ನಲ್ಲಿ ಇರೋದು ಎರಡು ದಂಡಕಾಂತ, ಒಂದು ಲಾಳದ್ದು, ಒಂದು ಸಣ್ಣ ದಿಕ್ಸೂಚಿ, ಅಷ್ಟೇ. ಮಕ್ಕಳಂತೂ ಪಾಠಕ್ಕೆ ಮುಂಚೇನೇ ಕೇಳ್ತಾ ಇದ್ದಾರೆ, ಮಿಸ್ ನಮ್ಮನೆ ಸ್ಟೀಲ್ ತಟ್ಟೆಗೆ ಯಾಕೆ ಅಂಟಲ್ಲ, ಮುರಿದ್ರೆ ಉತ್ತರ ಒಂದು ಕಡೆ ದಕ್ಷಿಣ ಒಂದು ಕಡೆ ಆಗುತ್ತಾ, ಸೂಜಿ ಯಾಕೆ ಉತ್ತರಕ್ಕೇ ತಿರುಗುತ್ತೆ ಅಂತ. "ಕಬ್ಬಿಣವನ್ನು ಆಕರ್ಷಿಸುವ ವಸ್ತುವೇ ಅಯಸ್ಕಾಂತ" ಅಂತ ಬರೆಸಿ ಬಾಯಿಪಾಠ ಮಾಡ್ಸೋಕೆ ನಂಗೆ ಇಷ್ಟ ಇಲ್ಲ. ಮಕ್ಕಳ ಕೈಯಲ್ಲೇ ಮಾಡಿಸೋ ಥರ ಏನಿದ್ರೂ ಹೇಳಿ, ದುಡ್ಡು ಜಾಸ್ತಿ ಆಗಬಾರದು.

ನಿವೃತ್ತ_ಮೇಷ್ಟ್ರು:
ಟೀಚರ್, ಒಳ್ಳೇ ಕೆಲ್ಸ ಮಾಡ್ತಿದ್ದೀರ. ನನ್ನ ಪ್ರಕಾರ ಮೊದಲ ಪೀರಿಯಡ್‌ನಲ್ಲಿ ವ್ಯಾಖ್ಯೆ ಹೇಳ್ಲೇಬೇಡಿ. ಎರಡು ದಂಡಕಾಂತ ಕೊಟ್ಟು ಒಂದರ ಮುಂದೆ ಇನ್ನೊಂದು ತರೋಕೆ ಹೇಳಿ, ಒಂದೇ ಧ್ರುವ ಎದುರಾದಾಗ ಕೈಯನ್ನ ಹಿಂದಕ್ಕೆ ತಳ್ಳುತ್ತಲ್ಲ, ಅಲ್ಲಿಂದ ಶುರು ಮಾಡಿ. ಅಂಟೋದನ್ನ ಎಲ್ಲಾ ಮಕ್ಕಳೂ ನೋಡಿರ್ತಾರೆ, ತಳ್ಳೋದನ್ನ ಕೈಯಾರೆ ಅನುಭವಿಸಿರೋರು ಕಮ್ಮಿ.

ಇಡೀ ಪಾಠದ ಜೀವ ಇರೋದೇ ಅಲ್ಲಿ. ಅಯಸ್ಕಾಂತಕ್ಕೆ ಮೊಳೆ ಅಂಟುತ್ತೆ, ಆದ್ರೆ ಮೊಳೆ ಅಯಸ್ಕಾಂತ ಅಲ್ಲ. ಎರಡು ವಸ್ತು ಒಂದನ್ನೊಂದು ಎಳೆದ್ರೆ ಎರಡೂ ಅಯಸ್ಕಾಂತ ಇರಬಹುದು, ಇಲ್ಲಾ ಒಂದು ಬರೀ ಕಬ್ಬಿಣ ಇರಬಹುದು. ತಳ್ಳಿದ್ರೆ ಮಾತ್ರ ಎರಡೂ ಅಯಸ್ಕಾಂತ ಅಂತ ಗ್ಯಾರಂಟಿ. ಇದೊಂದು ಅರ್ಥ ಆದ ಮಗು ಮುಂದೆ ಏನನ್ನೇ ಆಗ್ಲಿ ಪರೀಕ್ಷೆ ಮಾಡಿ ನೋಡೋಕೆ ಕಲಿಯುತ್ತೆ.

ಮಕ್ಕಳಿಗೆ ಒಂದು ಒಗಟು ಕೊಡಿ. ನೋಡೋಕೆ ಒಂದೇ ಥರ ಇರೋ ಎರಡು ಪಟ್ಟಿ, ಒಂದು ಅಯಸ್ಕಾಂತ, ಇನ್ನೊಂದು ಕಬ್ಬಿಣ. ಬೇರೆ ಏನೂ ಬಳಸೋ ಹಾಗಿಲ್ಲ, ದಾರ ಇಲ್ಲ, ಪಿನ್ ಇಲ್ಲ, ದಿಕ್ಸೂಚಿ ಇಲ್ಲ. ಯಾವುದು ಯಾವುದು ಅಂತ ಹೇಳ್ಬೇಕು. ಉತ್ತರ ಇಲ್ಲಿ ಯಾರೂ ಹಾಕಬೇಡಿ, ಮಕ್ಕಳೇ ಕಂಡುಹಿಡೀಲಿ.

ಇಬ್ಬರು_ಮಕ್ಕಳ_ಅಮ್ಮ:
ಮೇಷ್ಟ್ರೇ ಆ ಒಗಟು ನಾನೂ ಮನೇಲಿ ಟ್ರೈ ಮಾಡ್ತೀನಿ. ಸ್ಟೀಲ್ ತಟ್ಟೆ ವಿಷ್ಯ ಬಂತಲ್ಲ, ಪಾತ್ರೆ ಅಂಗಡೀಲಿ ಒಂದು ಮ್ಯಾಗ್ನೆಟ್ ತೋರ್ಸಿ "ನೋಡಿ ಮೇಡಂ ಅಂಟಲ್ಲ, ಅಂದ್ರೆ ಒಳ್ಳೇ ಸ್ಟೀಲು" ಅಂತಾರೆ, ಅದೇ ಕುಕ್ಕರ್ ತಗೊಳ್ಳೋವಾಗ "ಅಂಟುತ್ತೆ ನೋಡಿ, ಅದಕ್ಕೇ ಇಂಡಕ್ಷನ್‌ಗೆ ಆಗುತ್ತೆ" ಅಂತಾರೆ. ಎರಡರಲ್ಲಿ ಯಾವುದು ನಿಜ? ಮಗಳು ಕೇಳಿದ್ಳು, ಉತ್ತರ ಕೊಡ್ಬೇಕು.

ಲೋಹದ_ಇಂಜಿನಿಯರ್:
ಎರಡನೇದು ಪೂರ್ತಿ ನಿಜ, ಮೊದಲನೇದು ಅರ್ಧ ನಿಜ ಅಕ್ಕ.

ಸ್ಟೀಲ್ ಅಂದ್ರೆ ಒಂದೇ ಲೋಹ ಅಲ್ಲ. ಸ್ಟೇನ್‌ಲೆಸ್ ಸ್ಟೀಲಲ್ಲಿ ಕಬ್ಬಿಣದ ಜೊತೆ ಕ್ರೋಮಿಯಂ ಇರುತ್ತೆ, 304 ಅನ್ನೋ ಗ್ರೇಡಲ್ಲಿ ಸುಮಾರು 8 ಪರ್ಸೆಂಟ್ ನಿಕ್ಕಲ್ಲೂ ಸೇರಿರುತ್ತೆ. ನಿಕ್ಕಲ್ ಒಂಟಿಯಾಗಿದ್ರೆ ಅಯಸ್ಕಾಂತಕ್ಕೆ ಅಂಟೋ ಲೋಹವೇ, ಆದ್ರೆ ಇಲ್ಲಿ ಸೇರಿದಾಗ ಕಬ್ಬಿಣದ ಪರಮಾಣುಗಳು ಜೋಡಣೆಯಾಗೋ ರೀತೀನೇ ಬದಲಾಗಿ ಅಂಟೋ ಗುಣ ಹೋಗುತ್ತೆ. 430 ಗ್ರೇಡಲ್ಲಿ ನಿಕ್ಕಲ್ ಇರಲ್ಲ, ಅದಕ್ಕೆ ಟಪ್ ಅಂತ ಅಂಟುತ್ತೆ, ಇಂಡಕ್ಷನ್ ಪಾತ್ರೆಯ ತಳಕ್ಕೆ ಹಾಕೋದು ಇಂಥದ್ದನ್ನೇ. ಈಗ ಅಂಗಡಿಯವರ ಮಾತಿನ ತೊಂದರೆ ಏನಂದ್ರೆ, ನಿಕ್ಕಲ್ ದುಬಾರಿ ಅಂತ ಅದನ್ನ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿದ 202 ಅಂತ ಇನ್ನೊಂದು ಗ್ರೇಡ್ ಇದೆ, ಅದಕ್ಕೂ ಮ್ಯಾಗ್ನೆಟ್ ಅಂಟಲ್ಲ. ಹಾಗಾಗಿ ಬರೀ ಮ್ಯಾಗ್ನೆಟ್ ಹಿಡಿದು 304 ಯಾವುದು 202 ಯಾವುದು ಅಂತ ಹೇಳೋಕೆ ಆಗಲ್ಲ.

ಮಕ್ಕಳಿಗೆ ಒಂದು ಕೆಲ್ಸ ಕೊಡಿ ಟೀಚರ್. ಅಂಟದ ಸ್ಟೀಲ್ ಲೋಟ ತಗೊಂಡು ಮಧ್ಯದಲ್ಲಿ, ಆಮೇಲೆ ಬಾಯಿಯ ಅಂಚು ಮಡಿಚಿರ್ತಾರಲ್ಲ ಅಲ್ಲಿ, ಒಂದು ಸ್ಟ್ರಾಂಗ್ ಮ್ಯಾಗ್ನೆಟ್ ಹಿಡಿದು ನೋಡ್ಲಿ. ಕೆಲವು ಲೋಟದಲ್ಲಿ ಮಧ್ಯದಲ್ಲಿ ಏನೂ ಇರಲ್ಲ, ಅಂಚಿನಲ್ಲಿ ಲೈಟಾಗಿ ಎಳೆಯುತ್ತೆ. ತಗಡನ್ನ ಬಗ್ಗಿಸಿ ಒತ್ತಿದ ಜಾಗದಲ್ಲಿ ಒಳಗಿನ ಜೋಡಣೆ ಸ್ವಲ್ಪ ಬದಲಾಗಿರುತ್ತೆ, ಅದಕ್ಕೇ ಹಾಗೆ.

ನಾಣ್ಯಗಳೂ ಒಳ್ಳೇ ಪ್ರಯೋಗ. ಸ್ಟೀಲಿನ 1 ರೂಪಾಯಿ 2 ರೂಪಾಯಿ ಅಂಟುತ್ತೆ. ಹಳೇ ದಪ್ಪ 5 ರೂಪಾಯಿ ನೆನಪಿದ್ಯಲ್ಲ, ಅದು ತಾಮ್ರ ನಿಕ್ಕಲ್ ಮಿಶ್ರಣ, ಅಂಟಲ್ಲ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಬೆಳ್ಳಿ, ಬಂಗಾರ ಯಾವುದಕ್ಕೂ ಅಂಟಲ್ಲ. ರೂಮಿನ ಬಿಸಿಯಲ್ಲಿ ಚೆನ್ನಾಗಿ ಅಂಟೋ ಶುದ್ಧ ಲೋಹ ಅಂದ್ರೆ ಕಬ್ಬಿಣ, ನಿಕ್ಕಲ್, ಕೋಬಾಲ್ಟ್, ಶಾಲೆ ಮಟ್ಟಕ್ಕೆ ಈ ಮೂರು ಸಾಕು. ಲೋಹ ಆದ್ರೆ ಅಂಟಲೇಬೇಕು ಅಂತ ಮಕ್ಕಳ ತಲೇಲಿ ಕೂತಿರುತ್ತೆ, ಅದು ನಾಣ್ಯ ಹಿಡಿದು ನೋಡಿದ ತಕ್ಷಣ ಹೋಗುತ್ತೆ.

ಕುಡ್ಲದವ:
ಟೀಚರ್, ನೀವು ಮಲೆನಾಡಿನವರು ಅಂತ ಹೇಳಿದ್ರಲ್ಲ, ನಿಮ್ಮ ಹತ್ತಿರವೇ ಕುದುರೆಮುಖ ಉಂಟು ಮಾರಾಯ್ರೆ! ಅಲ್ಲಿ ಇದ್ದ ಅದಿರು ಎಂತದ್ದು, ಮ್ಯಾಗ್ನೆಟೈಟ್. ಕಪ್ಪು ಅದಿರು, ಅಯಸ್ಕಾಂತಕ್ಕೆ ಅಂಟುವಂಥದ್ದು. ಕಲ್ಲನ್ನು ಪುಡಿ ಮಾಡಿ, ನೀರಿನೊಟ್ಟಿಗೆ ಬಿಟ್ಟು, ಅಯಸ್ಕಾಂತ ಇರುವ ಡ್ರಮ್ಮಿನ ಮೂಲಕ ಕಬ್ಬಿಣದ ಅಂಶವನ್ನು ಬೇರೆ ಮಾಡ್ತಿದ್ರು, ಆಮೇಲೆ ಆ ಕೆಸರನ್ನು ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಘಾಟಿ ಇಳಿಸಿ ಮಂಗಳೂರಿನ ಪಣಂಬೂರಿಗೆ ತರ್ತಿದ್ರು. ಗಣಿಗಾರಿಕೆ 2005ರ ಕೊನೆಗೆ ನಿಂತಿತು, ಕಾಡು ಉಳೀಬೇಕು ಅಂತ ದೊಡ್ಡ ಹೋರಾಟವೇ ಆಗಿತ್ತು, ನಿಂತದ್ದು ಒಳ್ಳೇದೇ ಆಯ್ತು ಅಂತ ನನ್ನ ಅಭಿಪ್ರಾಯ. ಆದ್ರೆ ಪಾಠಕ್ಕೆ ಅದಕ್ಕಿಂತ ಒಳ್ಳೇ ಉದಾಹರಣೆ ನಮ್ಮ ರಾಜ್ಯದಲ್ಲಿ ಬೇರೆ ಸಿಗ್ಲಿಕ್ಕಿಲ್ಲ.

ಮತ್ತೆ ಇಲ್ಲಿ ಕಡಲ ಬದಿಯಲ್ಲಿ ಮಳೆ ಕಳೆದ ಮೇಲೆ ಬಿಳಿ ಮರಳಿನ ಮೇಲೆ ಕಪ್ಪು ಗೆರೆ ಗೆರೆ ಬಿದ್ದಿರ್ತದೆ, ಅದಕ್ಕೆ ಮ್ಯಾಗ್ನೆಟ್ ಹಿಡಿದ್ರೆ ಕಪ್ಪು ಕಣ ಮುಳ್ಳಿನ ಹಾಗೆ ಎದ್ದು ನಿಲ್ತದೆ.

ಲೋಹದ_ಇಂಜಿನಿಯರ್:
ಚೆನ್ನಾಗಿ ಹೇಳಿದ್ರಿ. ಅದರ ಜೊತೆ ಬಳ್ಳಾರಿ ಸಂಡೂರು ಕಡೆಯ ಕೆಂಪು ಅದಿರು ಇಟ್ಟು ತೋರ್ಸಿದ್ರೆ ಇನ್ನೂ ಚೆಂದ. ಅದು ಹೆಮಟೈಟ್, ಕಬ್ಬಿಣ ಅದರಲ್ಲಿ ತುಂಬಾ ಇದೆ, ಆದ್ರೂ ಸಾಮಾನ್ಯ ಅಯಸ್ಕಾಂತಕ್ಕೆ ಹೆಚ್ಚು ಕಡಿಮೆ ಅಂಟೋದೇ ಇಲ್ಲ. ತುಕ್ಕಿನ ಪುಡೀನೂ ಅಷ್ಟೇ. ಕಬ್ಬಿಣ ಆಮ್ಲಜನಕದ ಜೊತೆ ಯಾವ ರೀತಿ ಸೇರಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಮ್ಯಾಗ್ನೆಟೈಟ್ ಬಗ್ಗೆ ಇನ್ನೊಂದು ಮಾತು, ಮೇಷ್ಟ್ರು ಹೇಳಿದ ಪಾಯಿಂಟಿಗೇ ಬರುತ್ತೆ. ಆ ಕಲ್ಲು ಅಯಸ್ಕಾಂತಕ್ಕೆ ಅಂಟುತ್ತೆ ನಿಜ, ಆದ್ರೆ ಎಲ್ಲಾ ಮ್ಯಾಗ್ನೆಟೈಟ್ ತುಂಡೂ ತಾನೇ ಪಿನ್ ಎಳೆಯಲ್ಲ. ಹಾಗೆ ಎಳೆಯೋ ಸೂಜಿಗಲ್ಲು ಪ್ರಕೃತೀಲಿ ಅಪರೂಪ.

ಮಲೆನಾಡ_ಟೀಚರ್:
ಅಬ್ಬಾ ಒಂದೇ ದಿನಕ್ಕೆ ಇಷ್ಟೊಂದು! ಕುದುರೆಮುಖ ನಮ್ಮ ಮಕ್ಕಳು ನೋಡಿರೋ ಜಾಗ, ಖಂಡಿತ ಹೇಳ್ತೀನಿ. ಮುರಿಯೋ ಪ್ರಶ್ನೆಗೆ ಏನ್ ಹೇಳೋದು? ಮುರಿದ್ರೆ ಎರಡು ತುಂಡಿಗೂ ಎರಡೆರಡು ಧ್ರುವ ಬರುತ್ತೆ ಅಂತ ಗೊತ್ತು, ಯಾಕೆ ಅಂದ್ರೆ ಮಕ್ಕಳ ಭಾಷೇಲಿ ಹೇಳೋದು ಕಷ್ಟ ಆಗ್ತಿದೆ.

ನಿವೃತ್ತ_ಮೇಷ್ಟ್ರು:
ಶಾಲೆಯ ದಂಡಕಾಂತ ಮುರಿಯೋದು ಬೇಡ. ಒಂದು ಹೊಲಿಗೆ ಸೂಜೀನ, ಇಲ್ಲಾ ಗರಗಸದ ಹಳೇ ಬ್ಲೇಡ್ ತುಂಡನ್ನ ಅಯಸ್ಕಾಂತ ಮಾಡ್ಕೊಳ್ಳಿ. ಮಾಡೋ ರೀತಿ: ದಂಡಕಾಂತದ ಒಂದೇ ತುದಿಯನ್ನ ಸೂಜಿಯ ಒಂದು ಕೊನೆಯಿಂದ ಇನ್ನೊಂದು ಕೊನೆವರೆಗೆ ಎಳೀಬೇಕು, ಕೊನೆಗೆ ಬಂದಾಗ ಮೇಲೆತ್ತಿ ದೂರದಿಂದ ವಾಪಸ್ ತಂದು ಮತ್ತೆ ಅದೇ ಕಡೆಯಿಂದ ಎಳೀಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಿದ್ರೆ ಆಗಲ್ಲ. ಮೂವತ್ತು ನಲವತ್ತು ಸಲ ಎಳೆದ್ರೆ ಪಿನ್ ಎತ್ತುತ್ತೆ. ಬ್ಲೇಡ್ ತುಂಡು ಆದ್ರೆ ಬಟ್ಟೆಯಲ್ಲಿ ಸುತ್ತಿ ಇಕ್ಕಳದಲ್ಲಿ ಹಿಡಿದು ನೀವೇ ಮುರೀರಿ, ಚೂರು ಹಾರುತ್ತೆ, ಮಕ್ಕಳನ್ನ ದೂರ ನಿಲ್ಸಿ. ಆಮೇಲೆ ಎರಡೂ ತುಂಡಿನ ನಾಲ್ಕು ತುದಿಯನ್ನ ದಿಕ್ಸೂಚಿ ಹತ್ರ ಹಿಡೀರಿ. ಮುರಿದ ಜಾಗದಲ್ಲೇ ಹೊಸ ಉತ್ತರ ಹೊಸ ದಕ್ಷಿಣ ಕಾಣುತ್ತೆ.

ಯಾಕೆ ಅಂದ್ರೆ ಬೆಳಗಿನ ಪ್ರಾರ್ಥನೆ ನೆನಪಿಸಿ. ಗಂಟೆ ಹೊಡೆಯೋಕೆ ಮುಂಚೆ ಮೈದಾನದಲ್ಲಿ ಮಕ್ಕಳು ಗುಂಪು ಗುಂಪಾಗಿ ಒಂದೊಂದು ಕಡೆ ಮುಖ ಮಾಡಿ ನಿಂತಿರ್ತಾರೆ, ಅದು ಸಾಮಾನ್ಯ ಕಬ್ಬಿಣ. ಸಾಲಲ್ಲಿ ನಿಂತು ಎಲ್ರೂ ಒಂದೇ ಕಡೆ ಮುಖ ಮಾಡಿದ್ರೆ ಅದು ಅಯಸ್ಕಾಂತ. ಸಾಲನ್ನ ಮಧ್ಯದಲ್ಲಿ ಎಲ್ಲಿ ಬೇಕಾದ್ರೂ ಎರಡು ಮಾಡಿ, ಎರಡು ಸಾಲಿಗೂ ಮುಂದೆ ಒಂದು ಮುಖ ಇರುತ್ತೆ, ಹಿಂದೆ ಒಂದು ಬೆನ್ನು ಇರುತ್ತೆ. ಮಕ್ಕಳನ್ನೇ ಅಂಗಳದಲ್ಲಿ ನಿಲ್ಸಿ ಮಾಡ್ಸಿ.

ಫಿಸಿಕ್ಸ್_ಎಂಎಸ್ಸಿ:
ಮೇಷ್ಟ್ರ ಉದಾಹರಣೆ ಚೆನ್ನಾಗಿದೆ, ಆದ್ರೆ ನಂಗೆ ಒಂದು ತಕರಾರಿದೆ. ಈ ಡೊಮೇನ್ ಕಥೆ, ಅಂದ್ರೆ ಕಬ್ಬಿಣದೊಳಗೆ ಒಂದೊಂದು ಕಡೆ ಮುಖ ಮಾಡಿರೋ ಪುಟ್ಟ ಪುಟ್ಟ ಕಾಂತದ ಗುಂಪುಗಳ ಕಥೆ, ಆರನೇ ಕ್ಲಾಸಿಗೆ ಬೇಕಾ? ಒಳಗೆ ಏನಿದೆ ಅಂತ ನಾವೇ ಹೇಳ್ಬಿಟ್ರೆ ಮಕ್ಕಳು ಅದನ್ನೂ ಬಾಯಿಪಾಠ ಮಾಡ್ತಾರೆ. ನಿಜವಾದ ಕಾರಣ ಎಲೆಕ್ಟ್ರಾನಿನ ಸ್ಪಿನ್ ಅನ್ನೋ ಗುಣದಲ್ಲಿದೆ, ಅದನ್ನ ಡಿಗ್ರಿ ಮಟ್ಟದಲ್ಲೂ ಸರಿಯಾಗಿ ಹೇಳೋದು ಸುಲಭ ಅಲ್ಲ.

ನಿವೃತ್ತ_ಮೇಷ್ಟ್ರು:
ಸರ್, ನಿಮ್ಮ ಮಾತು ಗೌರವದಿಂದ ಒಪ್ತಾ ಒಂದು ಹೇಳ್ತೀನಿ. ನಾನು ಸ್ಪಿನ್ ಹೇಳಿ ಅಂತಿಲ್ಲ. ಆದ್ರೆ ಸಾಲಿನ ಚಿತ್ರ ಒಂದು ಕೊಟ್ರೆ ಮಗು ಅದನ್ನ ಇಟ್ಕೊಂಡು ಮುಂದಿನದ್ದನ್ನ ತಾನೇ ಊಹಿಸುತ್ತೆ. ಸುತ್ತಿಗೆಯಲ್ಲಿ ಬಡಿದ್ರೆ ಏನಾಗುತ್ತೆ? ಸಾಲು ಕೆಡುತ್ತೆ. ಕಾಯಿಸಿದ್ರೆ? ಸಾಲು ಕೆಡುತ್ತೆ. ಊಹೆ ಮಾಡಿದ್ಮೇಲೆ ಪ್ರಯೋಗ ಮಾಡಿ ನೋಡ್ಲಿ. ಹಾಗೆ ಊಹಿಸೋದು ಬಾಯಿಪಾಠ ಹೇಗಾಗುತ್ತೆ?

ಫಿಸಿಕ್ಸ್_ಎಂಎಸ್ಸಿ:
ಆ ಕ್ರಮದಲ್ಲಿ ಮಾಡೋದಾದ್ರೆ ಒಪ್ತೀನಿ, ಮೊದಲು ಊಹೆ ಆಮೇಲೆ ಪ್ರಯೋಗ. ಕಾಯಿಸೋ ಪ್ರಯೋಗಕ್ಕೆ ಅಯಸ್ಕಾಂತ ಮಾಡಿದ ಸೂಜೀನೇ ಸಾಕು, ಟೀಚರ್ ಇಕ್ಕಳದಲ್ಲಿ ಹಿಡಿದು ಸ್ಟವ್ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿದ್ಮೇಲೆ ಪಿನ್ ಎತ್ತಲ್ಲ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ಅಯಸ್ಕಾಂತಕ್ಕೆ ಬಲವಾಗಿ ಅಂಟೋ ಗುಣಾನೇ ಬಿಡುತ್ತೆ, ತಣ್ಣಗಾದ್ರೆ ಅಂಟೋ ಗುಣ ವಾಪಸ್ ಬರುತ್ತೆ, ಆದ್ರೆ ತಾನೇ ಅಯಸ್ಕಾಂತ ಆಗಿದ್ದು ಹೋಗಿರುತ್ತೆ. ಈ ವ್ಯತ್ಯಾಸ ಮಕ್ಕಳಿಗೆ ತೋರ್ಸಿ, ತುಂಬಾ ಚೆನ್ನಾಗಿ ಕೂರುತ್ತೆ. ಈಗ ಬರೋ ಬೆಳ್ಳಿ ಬಣ್ಣದ ನಿಯೋಡಿಮಿಯಂ ಮ್ಯಾಗ್ನೆಟ್ ಇದ್ಯಲ್ಲ, ಸಾಧಾರಣ ಗ್ರೇಡಿಂದು ಸುಮಾರು 80 ಡಿಗ್ರಿಗೇ ಶಕ್ತಿ ಕಳ್ಕೊಳ್ಳೋಕೆ ಶುರು ಮಾಡುತ್ತೆ, ಅದನ್ನ ಬಿಸಿ ಹತ್ರ ತರ್ಬೇಡಿ.

ದಿಕ್ಸೂಚಿ ಪ್ರಶ್ನೆ ಬಾಕಿ ಇತ್ತಲ್ಲ. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಅಂತ ಇಂಗ್ಲೆಂಡಿನ ವೈದ್ಯರು ಅಯಸ್ಕಾಂತದ ಬಗ್ಗೆ ದೊಡ್ಡ ಪುಸ್ತಕ ಬರೆದ್ರು. ಸೂಜಿಗಲ್ಲನ್ನ ಚೆಂಡಿನಾಕಾರಕ್ಕೆ ತಿರುವಿ ಅದರ ಮೇಲೆ ಸಣ್ಣ ಸೂಜಿ ಓಡಾಡಿಸಿ, ಭೂಮಿ ಮೇಲೆ ದಿಕ್ಸೂಚಿ ಹೇಗೆ ನಡ್ಕೊಳುತ್ತೋ ಹಾಗೇ ಇಲ್ಲೂ ನಡ್ಕೊಳ್ಳೋದು ನೋಡಿ ಭೂಮಿನೇ ಒಂದು ಅಯಸ್ಕಾಂತ ಅಂದ್ರು. ಆ ಕಾಲದಲ್ಲಿ ಅಯಸ್ಕಾಂತಕ್ಕೆ ಬೆಳ್ಳುಳ್ಳಿ ಸವರಿದ್ರೆ ಶಕ್ತಿ ಹೋಗುತ್ತೆ ಅಂತ ಜನ ನಂಬಿದ್ರು, ಗಿಲ್ಬರ್ಟ್ ಅದನ್ನೂ ಪ್ರಯೋಗದಿಂದ ಸುಳ್ಳು ಅಂತ ತೋರ್ಸಿದ್ರು. ಕ್ಲಾಸಲ್ಲಿ ಒಂದು ಬೆಳ್ಳುಳ್ಳಿ ಎಸಳು ಉಜ್ಜಿ ಪಿನ್ ಎತ್ತಿ ತೋರ್ಸಿ ಟೀಚರ್, ಖರ್ಚೇ ಇಲ್ಲ.

ಇಬ್ಬರು_ಮಕ್ಕಳ_ಅಮ್ಮ:
ಸರ್ ಒಂದು ಡೌಟು. ಉತ್ತರ ಧ್ರುವ ಉತ್ತರ ಧ್ರುವಾನ ತಳ್ಳುತ್ತೆ ಅಂದ್ಮೇಲೆ ಸೂಜಿಯ ಉತ್ತರ ತುದಿ ಭೂಮಿಯ ಉತ್ತರಕ್ಕೆ ಹೇಗೆ ಹೋಗುತ್ತೆ?

ಫಿಸಿಕ್ಸ್_ಎಂಎಸ್ಸಿ:
ಸರಿಯಾಗಿ ಹಿಡಿದ್ರಿ. ಭೂಮಿಯೊಳಗೆ ಒಂದು ದೊಡ್ಡ ದಂಡಕಾಂತ ಇದೆ ಅಂತ ಕಲ್ಪಿಸ್ಕೊಂಡ್ರೆ, ಉತ್ತರದ ಕಡೆ ಇರೋದು ಅದರ ದಕ್ಷಿಣ ಧ್ರುವ. ಹಾಗಾಗಿ ಸೂಜಿಯ ಉತ್ತರ ತುದಿಯನ್ನ ಎಳ್ಕೊಳುತ್ತೆ. ನಿಜವಾಗಿ ಒಳಗೆ ದಂಡ ಗಿಂಡ ಏನಿಲ್ಲ, ಹೊರ ಗರ್ಭದಲ್ಲಿ ಕರಗಿದ ಕಬ್ಬಿಣ ಸುತ್ತಾಡ್ತಾ ಕರೆಂಟ್ ಹರಿಯೋದ್ರಿಂದ ಭೂಮಿಯ ಕಾಂತಕ್ಷೇತ್ರ ಹುಟ್ಟುತ್ತೆ. ಅದು ತುಂಬಾ ವೀಕು. ನಮ್ಮ ಕರ್ನಾಟಕದಲ್ಲಿ ಸುಮಾರು 40 ಮೈಕ್ರೋಟೆಸ್ಲಾ (ಟೆಸ್ಲಾ ಅಂದ್ರೆ ಕಾಂತಕ್ಷೇತ್ರ ಅಳೆಯೋ ಮಾನ, ಮೈಕ್ರೋಟೆಸ್ಲಾ ಅದರ ಹತ್ತು ಲಕ್ಷದಲ್ಲಿ ಒಂದು ಭಾಗ), ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ 1.5 ಟೆಸ್ಲಾ ಅಥವಾ 3 ಟೆಸ್ಲಾ, ಅಂದ್ರೆ ಹತ್ತಾರು ಸಾವಿರ ಪಟ್ಟು ಜಾಸ್ತಿ. ಹೆಚ್ಚಿನ ಸ್ಮಾರ್ಟ್‌ಫೋನಲ್ಲಿ ಇದನ್ನ ಅಳೆಯೋ ಸೆನ್ಸರ್ ಇರುತ್ತೆ, ಬಾಗಿಲ ಗ್ರಿಲ್ಲು, ಬೀರು ಹತ್ರ ಹೋದ್ರೆ ನಂಬರ್ ಹೇಗೆ ಬದಲಾಗುತ್ತೆ ಅಂತ ತೋರಿಸ್ಬೋದು. ಅದಕ್ಕೇ ದಿಕ್ಸೂಚಿ ನೋಡೋವಾಗ ಕಬ್ಬಿಣದ ಬೆಂಚಿನ ಮೇಲೆ ಇಡ್ಬಾರದು.

ದಕ್ಷಿಣ ಭಾರತದ ಮಕ್ಕಳಿಗೆ ಹೇಳಲೇಬೇಕಾದ್ದು ಇನ್ನೊಂದಿದೆ. ಅಯಸ್ಕಾಂತ ಮಾಡಿದ ಸೂಜೀನ ಸರಿಯಾಗಿ ಮಧ್ಯಕ್ಕೆ ದಾರ ಕಟ್ಟಿ ತೂಗುಬಿಟ್ರೆ ಧ್ರುವದ ಕಡೆಯ ದೇಶಗಳಲ್ಲಿ ಅದರ ಮೂತಿ ನೆಲಕ್ಕೆ ಬಾಗುತ್ತೆ, ನಮ್ಮಲ್ಲಿ ಹೆಚ್ಚು ಕಡಿಮೆ ಅಡ್ಡಡ್ಡ ನಿಲ್ಲುತ್ತೆ, ಯಾಕಂದ್ರೆ ಅಯಸ್ಕಾಂತೀಯ ಸಮಭಾಜಕ ರೇಖೆ, ಅಂದ್ರೆ ಸೂಜಿ ಸ್ವಲ್ಪವೂ ಬಾಗದೆ ನಿಲ್ಲೋ ಜಾಗಗಳ ರೇಖೆ, ಕೇರಳ ತಮಿಳುನಾಡಿನ ತುದಿ ಹತ್ರ ಹಾದು ಹೋಗುತ್ತೆ. ತಿರುವನಂತಪುರದ ಪಕ್ಕ ತುಂಬಾ ಅನ್ನೋ ಊರನ್ನ ರಾಕೆಟ್ ಉಡಾವಣೆಗೆ ಆರಿಸಿದ್ದೇ ಇದಕ್ಕೆ, ಆ ರೇಖೆಯ ಮೇಲಿನ ಆಕಾಶವನ್ನ ಅಧ್ಯಯನ ಮಾಡ್ಬೇಕು ಅಂತ. 1963ರ ನವೆಂಬರ್ 21ಕ್ಕೆ ಅಲ್ಲಿಂದ ಮೊದಲ ರಾಕೆಟ್ ಹಾರಿತು.

ವೈಂಡಿಂಗ್_ಅಣ್ಣ_ಹುಬ್ಬಳ್ಳಿ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಮೋಟಾರ್ ವೈಂಡಿಂಗ್ ಅಂಗಡಿ ಐತ್ರಿ. ಇಷ್ಟೆಲ್ಲಾ ಹೇಳಿದ್ರಿ, ಕರೆಂಟಿನ ಮ್ಯಾಗ್ನೆಟ್ ಯಾರೂ ತಗೀಲಿಲ್ಲಲ್ರಿ. ದೊಡ್ಡ ಮೊಳಿ ಒಂದು ತಗೋರಿ, ಅದರ ಮ್ಯಾಲ ಎನಾಮಲ್ ಬಳದ ತಾಮ್ರದ ವೈರ್ ಒಂದಕ್ಕೊಂದು ಹತ್ತಿ ಐವತ್ತು ನೂರು ಸುತ್ತು ಸುತ್ರಿ. ವೈರಿನ ಎರಡೂ ತುದಿ ಬ್ಲೇಡಿನಿಂದ ಚಲೋತ್ನಾಗ ಕೆರಿಬೇಕ್ರಿ, ಮ್ಯಾಲಿನ ವಾರ್ನಿಶ್ ಹೋಗಿ ತಾಮ್ರ ಹೊಳಿಬೇಕು, ಇಲ್ಲಂದ್ರ ಕರೆಂಟೇ ಹರಿಯಂಗಿಲ್ಲ. ಶಾಲ್ಯಾಗ ಈ ಪ್ರಯೋಗ ಆಗವಲ್ದು ಅಂತ ಬರೋ ಮಾಸ್ತರ್ ಬಹಳ ಮಂದಿದು ಇದೊಂದೇ ಕಾರಣ ಇರ್ತೈತಿ. ಒಂದು ಟಾರ್ಚ್ ಸೆಲ್ಲಿಗೆ ಹಚ್ಚಿದ್ರ ಪಿನ್ ಎತ್ತತೈತಿ, ಬಿಟ್ರ ಬೀಳ್ತಾವು. ಸುತ್ತು ಹೆಚ್ಚು ಮಾಡಿ ನೋಡ್ರಿ, ಎರಡು ಸೆಲ್ ಹಾಕಿ ನೋಡ್ರಿ, ಎಷ್ಟು ಪಿನ್ ಎತ್ತತೈತಿ ಹುಡುಗೂರೇ ಎಣಸಲಿ.

ಹತ್ತು ಸೆಕೆಂಡ್ ಮ್ಯಾಲ ಹಚ್ಚಿ ಇಡಬ್ಯಾಡ್ರಿ, ವೈರೂ ಸೆಲ್ಲೂ ಬಿಸಿ ಆಗ್ತಾವು. ಮೊಬೈಲ್ ಬ್ಯಾಟರಿ ಬ್ಯಾಡ, ಗ್ವಾಡಿ ಪ್ಲಗ್ಗಿನ ಕರೆಂಟ್ ಅಂತೂ ಹತ್ರಾನೂ ಹೋಗಬಾರದು, ಜೀವಾನೇ ಹೋಗ್ತೈತಿ, ಇದನ್ನ ಪಾಠಕ್ಕಿಂತ ಮೊದಲ ಹೇಳ್ರಿ. ಫ್ಯಾನು, ಮಿಕ್ಸರ್, ಬೋರ್‌ವೆಲ್ ಮೋಟಾರು ಎಲ್ಲಾದ್ರಾಗೂ ಇದ ಕೆಲಸ ಮಾಡೂದು.

ಫಿಸಿಕ್ಸ್_ಎಂಎಸ್ಸಿ:
ಅಣ್ಣ ಸೂಪರ್. ಇದಕ್ಕೆ ಮುಂಚೆ ಮೊಳೆ ಇಲ್ದೇ ಬರೀ ವೈರನ್ನ ದಿಕ್ಸೂಚಿ ಮೇಲೆ ಉತ್ತರ ದಕ್ಷಿಣವಾಗಿ ಹಿಡಿದು ಒಂದು ಕ್ಷಣ ಸೆಲ್ಲಿಗೆ ತಾಗಿಸಿ, ಸೂಜಿ ಪಕ್ಕಕ್ಕೆ ಹೊರಳುತ್ತೆ. 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ ನೋಡಿದ್ದು ಇದನ್ನೇ. ಕರೆಂಟಿಗೂ ಅಯಸ್ಕಾಂತಕ್ಕೂ ಸಂಬಂಧ ಇದೆ ಅಂತ ಗೊತ್ತಾಗಿದ್ದು ಅಲ್ಲಿಂದ. ಮುಂಬೈನ ಕೊಲಾಬಾದಲ್ಲಿ ಭೂಮಿಯ ಕಾಂತಕ್ಷೇತ್ರ ಅಳೆಯೋ ವೀಕ್ಷಣಾಲಯ ಇತ್ತು, ಊರಲ್ಲಿ ಕುದುರೆ ಟ್ರಾಮ್ ಹೋಗಿ ಕರೆಂಟ್ ಟ್ರಾಮ್ ಬರುತ್ತೆ ಅಂದಾಗ ಆ ಕರೆಂಟಿನಿಂದ ಅಳತೆ ಕೆಡುತ್ತೆ ಅಂತ 1904ರಲ್ಲಿ ಅದನ್ನ ಅಲಿಬಾಗ್‌ಗೆ ಸಾಗಿಸಿದ್ರು. ಹೊಸ ಕಟ್ಟಡಕ್ಕೆ ಅಯಸ್ಕಾಂತದ ಮೇಲೆ ಪ್ರಭಾವ ಬೀರದ ಸಾಮಾನನ್ನೇ ಆರಿಸಿ ಬಳಸಿದ್ರು. ಈಗ್ಲೂ ಅಲ್ಲಿ ಅಳತೆ ನಡೀತಾ ಇದೆ.

ಮಕ್ಕಳ_ವಾರ್ಡ್_ನರ್ಸ್:
ಮಧ್ಯೆ ಬರ್ತಿದ್ದೀನಿ, ದಯವಿಟ್ಟು ಓದಿ. ಆನ್‌ಲೈನಲ್ಲಿ ಸಿಗೋ ಗೋಲಿ ಥರದ ಸಣ್ಣ ಸ್ಟ್ರಾಂಗ್ ಮ್ಯಾಗ್ನೆಟ್‌ಗಳನ್ನ ಪುಟ್ಟ ಮಕ್ಕಳಿರೋ ಮನೇಲಿ ಇಡ್ಲೇಬೇಡಿ. ಒಂದಕ್ಕಿಂತ ಹೆಚ್ಚು ನುಂಗಿದ್ರೆ ಕರುಳಿನ ಬೇರೆ ಬೇರೆ ಮಡಿಕೆಯಿಂದ ಒಂದನ್ನೊಂದು ಎಳ್ಕೊಂಡು ಮಧ್ಯೆ ಕರುಳಿನ ಗೋಡೆ ಸಿಕ್ಕಿ ತೂತಾಗಬಹುದು. ಮೊದಮೊದಲು ಮಗು ಆರಾಮಾಗೇ ಇರ್ಬೋದು, ಬರೀ ಹೊಟ್ಟೆನೋವು ವಾಂತಿ ಅಂತ ಅನ್ನಿಸ್ಬೋದು. ನುಂಗಿದೆ ಅಂತ ಅನುಮಾನ ಬಂದ ಕೂಡ್ಲೇ ಆಸ್ಪತ್ರೆಗೆ ಬನ್ನಿ, ಬಾಳೆಹಣ್ಣು ತಿನ್ಸಿ ನಾಳೆವರೆಗೆ ಕಾಯೋಣ ಅಂತ ಕೂರಬೇಡಿ. ಹಾರ್ಟಿಗೆ ಪೇಸ್‌ಮೇಕರ್ ಹಾಕಿಸ್ಕೊಂಡಿರೋ ಹಿರಿಯರ ಎದೆ ಹತ್ರಾನೂ ಇಂಥ ಮ್ಯಾಗ್ನೆಟ್ ತರಬಾರದು.

ಮಲೆನಾಡ_ಟೀಚರ್:
ಮೇಡಂ ತುಂಬಾ ಥ್ಯಾಂಕ್ಸ್, ಇದನ್ನ ಪೋಷಕರ ಗ್ರೂಪಿಗೂ ಹಾಕ್ತೀನಿ. ಕ್ಲಾಸಲ್ಲಿ ದಂಡಕಾಂತ, ಹಳೇ ಸ್ಪೀಕರ್ ಮ್ಯಾಗ್ನೆಟ್ ಅಷ್ಟೇ ಬಳಸ್ತೀನಿ. ಸ್ಪೀಕರಿಂದು ರಿಂಗ್ ಥರ ಇದೆ, ಅದರಲ್ಲಿ ಧ್ರುವ ಎಲ್ಲಿರುತ್ತೆ? ಮತ್ತೆ ಕಬ್ಬಿಣದ ಪುಡಿ ಮ್ಯಾಗ್ನೆಟ್‌ಗೆ ಮೆತ್ಕೊಂಡ್ರೆ ತೆಗೆಯೋದು ಹೇಗೆ?

ಕುಡ್ಲದವ:
ಪುಡಿಯ ವಿಷಯ ನಾನು ಹೇಳ್ತೇನೆ. ಮ್ಯಾಗ್ನೆಟನ್ನು ಮೊದಲೇ ತೆಳು ಪ್ಲಾಸ್ಟಿಕ್ ತೊಟ್ಟೆಯೊಳಗೆ ಹಾಕಿ ಮರಳಿನಲ್ಲಿ ಆಡಿಸಿ, ಪುಡಿ ತೊಟ್ಟೆಯ ಹೊರಗೆ ಅಂಟ್ತದೆ, ಮತ್ತೆ ಪೇಪರಿನ ಮೇಲೆ ಹಿಡಿದು ಒಳಗಿಂದ ಮ್ಯಾಗ್ನೆಟ್ ಎಳೆದ್ರೆ ಎಲ್ಲ ಉದುರ್ತದೆ. ಪುಡಿ ಬೇಕಿದ್ರೆ ಲೇತ್ ಇರುವ ವರ್ಕ್‌ಶಾಪಿನಲ್ಲಿ ಕೇಳಿ, ಸುಮ್ನೇ ಕೊಡ್ತಾರೆ.

ನಿವೃತ್ತ_ಮೇಷ್ಟ್ರು:
ರಿಂಗಿಂದು ಧ್ರುವ ಇರೋದು ಎರಡು ಚಪ್ಪಟೆ ಮುಖದಲ್ಲಿ, ಅಂಚಿನಲ್ಲಲ್ಲ. ಮೇಲೆ ಹಾಳೆ ಇಟ್ಟು ಪುಡಿ ಉದುರಿಸಿ ಬೆರಳಲ್ಲಿ ಮೆಲ್ಲಗೆ ತಟ್ಟಿ, ಗೊತ್ತಾಗುತ್ತೆ. ಫ್ರಿಜ್ ಮೇಲೆ ಅಂಟಿಸೋ ಮೆತ್ತನೆ ಸ್ಟಿಕ್ಕರ್ ಎರಡಿದ್ರೆ ಅವುಗಳ ಕಪ್ಪು ಬೆನ್ನನ್ನ ಒಂದಕ್ಕೊಂದು ತಾಗಿಸಿ ಜಾರಿಸಿ ನೋಡಿ, ಒಂದು ಕಡೆಗೆ ಟಕ್ ಟಕ್ ಅಂತ ನಿಂತು ನಿಂತು ಜಾರುತ್ತೆ, ತೊಂಬತ್ತು ಡಿಗ್ರಿ ತಿರುಗಿಸಿದ್ರೆ ನುಣ್ಣಗೆ ಜಾರುತ್ತೆ. ಅದರಲ್ಲಿ ಉತ್ತರ ದಕ್ಷಿಣ ಪಟ್ಟೆ ಪಟ್ಟೆಯಾಗಿ ಇರೋದೇ ಕಾರಣ. ಪಾಠ ಮುಗಿದ್ಮೇಲೆ ದಂಡಕಾಂತ ಎರಡನ್ನೂ ಉತ್ತರದ ಪಕ್ಕ ದಕ್ಷಿಣ ಬರೋ ಹಾಗೆ ಜೋಡಿಸಿ, ನಡುವೆ ಮರದ ಪಟ್ಟಿ ಇಟ್ಟು, ಎರಡು ತುದಿಗೂ ಕಬ್ಬಿಣದ ತುಂಡು ಅಡ್ಡ ಇಟ್ಟು ಡಬ್ಬಿಗೆ ಹಾಕಿ. ಹಾಗೇ ಬಿಸಾಕಿದ್ರೆ ವರ್ಷಗಳು ಕಳೆದಂತೆ ಶಕ್ತಿ ಇಳಿಯುತ್ತೆ.

ಇಬ್ಬರು_ಮಕ್ಕಳ_ಅಮ್ಮ:
ಮೇಷ್ಟ್ರೇ ಒಗಟಿಗೆ ಮಗಳು ಉತ್ತರ ಹೇಳಿದ್ಳು! ಒಂದರ ತುದಿಯನ್ನ ಇನ್ನೊಂದರ ಹೊಟ್ಟೆ ಮಧ್ಯಕ್ಕೆ ತಾಗಿಸ್ಬೇಕಂತೆ. ಗಟ್ಟಿಯಾಗಿ ಎಳೆದ್ರೆ ಕೈಯಲ್ಲಿರೋದು ಅಯಸ್ಕಾಂತ, ಎಳೀಲಿಲ್ಲ ಅಂದ್ರೆ ಕೆಳಗಿರೋದು ಅಯಸ್ಕಾಂತ, ಯಾಕಂದ್ರೆ ಅಯಸ್ಕಾಂತದ ಮಧ್ಯದಲ್ಲಿ ಎಳೆತ ಇರಲ್ಲ, ಪುಡಿಯೆಲ್ಲ ತುದೀಗೇ ಅಂಟಿತ್ತಲ್ಲ ಅಂದ್ಳು. ನಾನು ಏನೂ ಹೇಳ್ಕೊಟ್ಟಿರ್ಲಿಲ್ಲ. ಉತ್ತರ ಹಾಕ್ಬೇಡಿ ಅಂದಿದ್ರಿ, ಖುಷಿಗೆ ಹಾಕ್ಬಿಟ್ಟೆ.

ನಿವೃತ್ತ_ಮೇಷ್ಟ್ರು:
ಹಾಕಿದ್ದೇ ಒಳ್ಳೇದಾಯ್ತಮ್ಮ. ಮಗೂಗೆ ನನ್ನ ಆಶೀರ್ವಾದ ಹೇಳಿ. ಇನ್ನೊಂದು ಕೊಡಿ ಅವಳಿಗೆ: ಗಾಜಿನ ಲೋಟದ ನೀರಿನಲ್ಲಿ ಗುಂಡುಸೂಜಿ ಬಿದ್ದಿದೆ, ಕೈ ಒದ್ದೆ ಮಾಡದೆ ತೆಗೀಬೇಕು. ಅದು ಸುಲಭವಾಗಿ ಮಾಡ್ತಾಳೆ. ಆಮೇಲೆ ಅದೇ ಸೂಜೀನ ಕಬ್ಬಿಣದ ಡಬ್ಬಿಯೊಳಗೆ ಹಾಕಿ ಹೊರಗಿಂದ ಎಳೆಯೋಕೆ ಹೇಳಿ, ಯಾಕೆ ಅಷ್ಟು ಸಲೀಸಾಗಿ ಬರಲ್ಲ ಅಂತ ಅವಳೇ ಯೋಚಿಸ್ಲಿ.

ಮಲೆನಾಡ_ಟೀಚರ್:
ಹುಬ್ಬಳ್ಳಿ ಅಣ್ಣ, ಮೊಳೆಗೆ ಯಾವ ವೈರ್ ತಗೋಬೇಕು? ಪೇಟೇಲಿ ಕೇಳಿದ್ರೆ ಎಷ್ಟು ಗೇಜ್, ಅಂದ್ರೆ ಎಷ್ಟು ದಪ್ಪದ್ದು ಅಂತ ಕೇಳ್ತಾರೆ.

ವೈಂಡಿಂಗ್_ಅಣ್ಣ_ಹುಬ್ಬಳ್ಳಿ:
26 ಇಲ್ಲಾ 28 ಗೇಜ್ ಅಂತ ಹೇಳ್ರಿ ಅಕ್ಕಾರ. ಫ್ಯಾನಿಂದು ಬಹಳ ಸಣ್ಣ ಇರ್ತೈತಿ, ಹುಡುಗೂರ ಕೈಯಾಗ ಹರೀತೈತಿ. ಹೊಸಾದ್ ಕೊಳ್ಳೂದ್ ಬ್ಯಾಡ್ರಿ, ನಿಮ್ಮೂರಾಗ ಯಾವುದರ ವೈಂಡಿಂಗ್ ಅಂಗಡಿಗೆ ಹೋಗಿ ಶಾಲಿಗೆ ಬೇಕು ಅನ್ರಿ, ಉಳಿದ ತುಂಡು ವೈರ್ ಇರ್ತಾವು, ಕೊಡ್ತಾರ. ಸುಟ್ಟ ಮೋಟಾರಿನಿಂದ ಬಿಚ್ಚಿದ್ದು ಮಾತ್ರ ತಗೋಬ್ಯಾಡ್ರಿ, ವಾರ್ನಿಶ್ ಹೋಗಿರ್ತೈತಿ, ಸುತ್ತಿಗಿ ಸುತ್ತು ತಾಗಿ ಮ್ಯಾಗ್ನೆಟ್ ಸರಿಯಾಗಿ ಆಗಂಗಿಲ್ಲ.